ಅತ್ತೆಯ ಬಲಗಾಲು

ಭಾನುವಾರ, ಮಾರ್ಚ್ ೯

ಗೆದ್ದೆ! ಇವತ್ತಿನ ಕಾರ್ ರೇಸಲ್ಲಿ ಮೈದುನನ್ನೇ ಹಿಂದೆ ಹಾಕಿದೆ.

ರೇಸಿಗೆ ಅಂತ ಕಾರಿನ ಬ್ರೇಕ್ ಬದಲಾಯಿಸ್ತೀನಿ ಅಂದಾಗಿನಿಂದ ಮೈದುನ ತಲೆ ತಿಂದಿದ್ದ. "ಅತ್ತಿಗೆ, ನನ್ನ ಕಾರಿನ ಥರ ದೊಡ್ಡ ಡಿಸ್ಕು, ರೇಸ್ ಪ್ಯಾಡು ಹಾಕ್ಸಿ. ಕೆಂಪು ಬಣ್ಣ ಹೊಡೆಸಿ." ಬಣ್ಣ ಬಂದು ಗಾಡಿ ನಿಲ್ಲಿಸುತ್ತಾ? ಅವನ ಪ್ಯಾಡು ಬಿಸಿಯಾದರೆ ಮಾತ್ರ ಚಕ್ರದ ಡಿಸ್ಕನ್ನ ಹಿಡಿಯೋದು. ಮೊನ್ನೆ ಬೆಳಿಗ್ಗೆ ತಣ್ಣಗಿದ್ದಾಗ ನಮ್ಮ ಗೇಟಿಗೇ ಗುದ್ದಿದ. ನಾನು ಆಫೀಸಿಗೂ ಇದೇ ಕಾರಲ್ಲಿ ಹೋಗಬೇಕಲ್ಲ! ರೇಸಿಗೂ ರಸ್ತೆಗೂ ಒಗ್ಗುವ ಪ್ಯಾಡು, ಬೇಗ ಕುದಿಯದ ಬ್ರೇಕ್ ಆಯಿಲ್, ಅಷ್ಟೇ ಹಾಕಿಸಿದೆ. "ಪುಕ್ಕಲು ಅತ್ತಿಗೆ" ಅಂತ ನಕ್ಕ.

ಇವತ್ತು ಟ್ರ್ಯಾಕಿನಲ್ಲಿ ಅವನ ಹಳೇ ಆಯಿಲ್ ಕುದ್ದು ಪೆಡಲ್ ಮೆತ್ತಗಾಯ್ತು, ಒತ್ತಿದರೂ ಬ್ರೇಕ್ ಸರಿಯಾಗಿ ಹಿಡೀಲಿಲ್ಲ. ಕಣ್ಣಿಗೆ ಕಾಣದ್ದನ್ನ ಅವನು ಬದಲಾಯಿಸೋದೇ ಇಲ್ಲ. ನನ್ನ ಪೆಡಲ್ ಕೊನೇವರೆಗೂ ಕಲ್ಲಿನ ಹಾಗೆ ಗಟ್ಟಿ. ಕೊನೇ ತಿರುವಲ್ಲಿ ಒಳಗಿಂದ ನುಗ್ಗಿ ಅವನನ್ನ ದಾಟಿಬಿಟ್ಟೆ!

ಆದರೆ ನಿಜವಾಗಿ ಗೆದ್ದಿದ್ದು, ರೇಸ್ ನೋಡೋಕೆ ಬಂದಿದ್ದ ಅತ್ತೆಯನ್ನ ಕರ್ಕೊಂಡು ವಾಪಸ್ ಬರುವಾಗ. ಅತ್ತೆ ನನ್ನ ಪಕ್ಕ ಕೂತರೆ, ಸಿಗ್ನಲ್ ಬಂದಾಗೆಲ್ಲ ಬಲಗಾಲಲ್ಲಿ ನೆಲ ಒತ್ತುತ್ತಾರೆ, ಬ್ರೇಕ್ ಅವರ ಕಡೆಗೇ ಇದ್ದ ಹಾಗೆ. ಇವತ್ತು ಚಪ್ಪಲಿ ಬಿಟ್ಟು, ಕಾಲು ಮಡಚಿ ಸೀಟಿನ ಮೇಲಿಟ್ಟು, ಗೊರಕೆ! ಅಷ್ಟೂ ಸಿಗ್ನಲ್ ದಾಟಿ ಮನೆ ಮುಂದೆ ಎಬ್ಬಿಸಿದರೆ, ಕಣ್ಣುಜ್ಜಿಕೊಂಡು, "ಯಾವಾಗ ನಿಲ್ಲಿಸ್ದೆ?" ಅಂದರು.