ಕಂಬದ ಕೆಳಗೆ ಕಂಡವಳು

ಶಿರಸಿ
೧೨-೧-೨೦೨೫, ಭಾನುವಾರ ಮಧ್ಯಾಹ್ನ

ತಮ್ಮ ನಾಗಪತಿಗೆ ನಿನ್ನ ಅಕ್ಕ ಚೌಡಮ್ಮನ ಆಶೀರ್ವಾದ.

ರೋಹಿಣಿಯ ಬಲಗೈ ನೋವು ಹೇಗಿದೆ? ಎಣ್ಣೆ ತಿಕ್ಕುವಾಗ ಮೇಲಿನಿಂದ ಕೆಳಗೆ ಎಳೆಯಬೇಕು ಅಂತ ಹೇಳಿಕೊಟ್ಟಿದ್ದೆ. ಅವಳು ಕೇಳುವವಳಲ್ಲ, ನೀನೇ ಕೂತು ತಿಕ್ಕು. ದರ್ಶನನ ಕೆಮ್ಮು ಹೋಯಿತಾ? ಶಾಲೆಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳಲಿ, ಈ ತಿಂಗಳಲ್ಲಿ ಮಾಗೋಡಿನ ಗಾಳಿ ಹೇಗಿರ್ತದೆ ಅಂತ ನನಗೆ ಗೊತ್ತಿದ್ದದ್ದೇ. ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ. ಶುಕ್ರವಾರ ಸಂಜೆ ನೀನು ಫೋನಲ್ಲಿ ಕೂಗಿದ್ದು ಕೇಳಿದರೆ ಎರಡು ಮೂರು ದಿನದಿಂದ ತಪ್ಪಿಸಿದ ಹಾಗೆ ಕಾಣ್ತದೆ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಇದ್ದ ಹಾಗೇ ಇದೆ. ನಿನ್ನ ಮಗಳು ಚೇತನಾ ಊಟ ಮಾಡ್ತಾಳೆ, ಕಾಲೇಜಿಗೆ ಹೋಗ್ತಾಳೆ, ಮಾತು ಮಾತ್ರ ಕಡಿಮೆ. ಅದಕ್ಕೆ ಕಾರಣ ನಿನಗೆ ಗೊತ್ತು. ಅಂದರೆ, ಗೊತ್ತು ಅಂದುಕೊಂಡಿದ್ದೀಯ.

ಆ ಫೋನಲ್ಲಿ ನೀನು, ಬರುವ ಶನಿವಾರ ಬಂದು ಅವಳ ಪೆಟ್ಟಿಗೆ ಕಟ್ಟಿಸಿ ಕರೆದುಕೊಂಡು ಹೋಗ್ತೇನೆ, ನರ್ಸಿಂಗೂ ಬೇಡ ಎಂತದೂ ಬೇಡ ಅಂದೆ. ಅವಳಿಗೆ ಎರಡನೇ ವರ್ಷದ ಪರೀಕ್ಷೆ ಮುಂದಿನ ತಿಂಗಳೇ. ಈ ಪತ್ರ ಅದರ ಸಲುವಾಗಿ. ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೆ ಫೋನ್ ಇಡ್ತೀಯ. ಪತ್ರವನ್ನ ಅರ್ಧಕ್ಕೆ ಇಟ್ಟರೂ ಉಳಿದರ್ಧ ಅಲ್ಲೇ ಇರ್ತದೆ, ಸಿಟ್ಟು ಇಳಿದ ಮೇಲೆ ಓದು.

ಕಂಬದ ಕಥೆ ಮೊದಲಿಂದ ಹೇಳ್ತೇನೆ. ಚೌತಿಗೆ ಮುಂಚೆ ನಮ್ಮ ಹಲಸಿನಕಟ್ಟೆ ಓಣಿಯಲ್ಲಿ ಎರಡು ಗ್ಯಾಸ್ ಸಿಲಿಂಡರ್, ಒಂದು ಬೈಕು ಕಳುವಾಯಿತು. ಅದಾಗಿ ಹದಿನೈದು ದಿನಕ್ಕೆ ಗುತ್ತಿಗೆ ಕಂಪನಿಯವರು ಕಾಗದ ಹಿಡಿದು ಬಂದರು. ಸ್ಮಾರ್ಟ್ ಸಿಟಿಗಳಲ್ಲಿ ಇರುವಂಥ ದೀಪ ನಿಮ್ಮ ಓಣಿಗೂ ಹಾಕ್ತೇವೆ, ಒಪ್ಪಿಗೆ ಅಂತ ಸಹಿ ಹಾಕಿ ಅಂದರು. ಸಹಿ ಅಂದರೆ ನನಗೆ ಎಷ್ಟು ಖುಷಿ ಅಂತ ನಿನಗೆ ಗೊತ್ತಲ್ಲ. ನಲವತ್ತು ವರ್ಷದವರೆಗೆ ಹೆಬ್ಬೆಟ್ಟು ಒತ್ತಿದವಳು, ಬಾಣಂತಿಯರಿಗೆ ನೀರು ಹಾಕಲು ಹೋದ ಮನೆಗಳ ಮಕ್ಕಳ ಪಾಟಿಯಲ್ಲಿ ಅಕ್ಷರ ತಿದ್ದಿದವಳು. ಯಾರು ಕಾಗದ ಚಾಚಿದರೂ ಬೇಡ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಮೇಲೆ ಬರೆದದ್ದನ್ನ ಪೂರ್ತಿ ಓದಲಿಲ್ಲ. ಇಡೀ ಓಣಿಗೆ ಮೊದಲ ಸಹಿ ನನ್ನದು.

ದೀಪ ಚೆಂದವೇ ಇದೆ, ಸುಳ್ಳು ಯಾಕೆ ಹೇಳಲಿ. ಯಾರೂ ಇಲ್ಲದಾಗ ಮಂಕಾಗಿರ್ತದೆ. ಕೆಳಗೆ ಮನುಷ್ಯರು ಬಂದರೆ ಫಕ್ಕನೆ ಹಾಲಿನ ಹಾಗೆ ಬೆಳಕು ಬಿಡ್ತದೆ. ಪಕ್ಕದ ಮನೆ ಗಂಗೆ ಅಂದಳು, ಇಪ್ಪತ್ತು ವರ್ಷದಲ್ಲಿ ನನ್ನ ಗಂಡ ಒಂದು ಸಲವೂ ನನ್ನ ನೋಡಿ ಹೀಗೆ ಅರಳಲಿಲ್ಲ, ಈ ಕಂಬಕ್ಕಾದರೂ ಕಣ್ಣಿದೆ ಅಂತ. ನಾವೆಲ್ಲ ನಕ್ಕೆವು. ಕಂಬಕ್ಕೆ ನಿಜವಾಗಿಯೂ ಕಣ್ಣಿತ್ತು. ದೀಪದ ಕೆಳಗೆ ತೆಂಗಿನ ಚಿಪ್ಪನ್ನ ಬೋರಲು ಹಾಕಿದ ಹಾಗೆ ಕಪ್ಪಗೆ ಒಂದು ಇದೆ, ಅದೇ ಕ್ಯಾಮೆರಾ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಅದರಲ್ಲಿ ಉಳಿಯುತ್ತದೆ.

ಗಂಗೆಯ ಬಚ್ಚಲು ಮನೆಯ ಹೊರಗಿದೆ, ನೀನು ನೋಡಿದ್ದೀಯ. ಆಳೆತ್ತರದ ಗೋಡೆ, ಮೇಲೆ ಮಾಡು ಇಲ್ಲ. ಇಷ್ಟು ವರ್ಷ ಯಾರೂ ಆ ಗೋಡೆಯಾಚೆ ನೋಡಿದವರಲ್ಲ. ಒಂದು ದಿನ ಚಾ ಅಂಗಡಿಯಲ್ಲಿ ಯಾರೋ ಅವಳ ಗಂಡನಿಗೆ ಕೇಳಿದರಂತೆ, ನಿಮ್ಮ ಮನೆಯವರು ಈ ಚಳಿಯಲ್ಲೂ ಐದಕ್ಕೇ ಮಿಂದು ಮುಗಿಸ್ತಾರಲ್ಲ ಮಾರಾಯರೇ ಅಂತ. ಅವನು ಮನೆಗೆ ಬಂದವನೇ ಬಚ್ಚಲಿಗೆ ತಾಡಪಾಲು ಕಟ್ಟಿದ. ಗಂಗೆ ಅಂದಿನಿಂದ ತಮಾಷೆ ಮಾಡುವುದನ್ನ ಬಿಟ್ಟಳು.

ದೊಡ್ಡ ಪೇಟೆಯಲ್ಲಿ ಇದರಿಂದ ಎಂತ ಆಗ್ತದೋ ನನಗೆ ಗೊತ್ತಿಲ್ಲ. ಅಲ್ಲಿ ನೋಡುವವನಿಗೆ ನೀನು ಯಾರೋ, ನಿನಗೆ ಅವನು ಯಾರೋ. ಶಿರಸಿಯಲ್ಲಿ ಆ ಕ್ಯಾಮೆರಾದ ಪರದೆಯ ಮುಂದೆ ಕೂತವನು ಯಾರು? ನಿನ್ನ ಹೆಂಡತಿ ರೋಹಿಣಿಯ ಅಕ್ಕನ ಮಗ ಸುನೀಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ನೋಡು ಅಂತ ಸಂಬಳ ಕೊಟ್ಟು ಕೂರಿಸಿದ್ದಾರೆ, ನೋಡಿದ. ನೋಡಿದಾಗ ಅವನಿಗೆ ಕಂಡದ್ದು ಚಿಕ್ಕಮ್ಮ ಹೆಣೆದ ಸ್ವೆಟರ್. ಕೆಂಪು ಬಣ್ಣ, ಎರಡು ಹಳದಿ ಪಟ್ಟೆ, ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಉದ್ದ. ರೋಹಿಣಿ ಹೆಣೆದ ಸ್ವೆಟರಿಗೆಲ್ಲ ಎಡತೋಳು ಉದ್ದ, ನಮ್ಮ ನೆಂಟರೊಳಗೆ ಯಾರಿಗೆ ಗೊತ್ತಿಲ್ಲ? ಮುಖ ಕಾಣದಿದ್ದರೂ ತೋಳು ನೋಡಿ ಚೇತನಾ ಅಂದ. ನಿನ್ನ ಫೋನಿಗೆ ಕಳಿಸಿದ. ನೀನೂ ತೋಳು ನೋಡಿ ಚೇತನಾ ಅಂದೆ.

ನೀನು ಬೈಯಲಿಕ್ಕೆಂದು ಅವಳಿಗೆ ಕಳಿಸಿದ ಆ ವಿಡಿಯೊವನ್ನ ಅವಳು ನನಗೆ ತೋರಿಸಿದಳು. ಹದಿನಾಲ್ಕು ಸೆಕೆಂಡು. ಬೆಳಗಿನ ಐದೂಕಾಲು. ಚೂಡಿದಾರ, ಕೆಂಪು ಸ್ವೆಟರ್, ಮಂಡೆಗೆ ಬಿಗಿಯಾಗಿ ವಸ್ತ್ರ ಕಟ್ಟಿದ ಒಬ್ಬಳು ಸ್ಕೂಟಿಯ ಮೇಲೆ ಕೂತಿದ್ದಾಳೆ. ಹಿಂದೆ ಒಬ್ಬ ಗಂಡಸು ಎರಡೂ ಕೈ ಚಾಚಿ ಹ್ಯಾಂಡಲ್ ಹಿಡಿದಿದ್ದಾನೆ. ಅವರು ಬಂದ ಕೂಡಲೆ ದೀಪ ಬೆಳ್ಳಗಾಗ್ತದೆ, ಇಬ್ಬರೂ ಓಲಾಡಿಕೊಂಡು ಹಾದು ಹೋಗ್ತಾರೆ, ದೀಪ ಮಂಕಾಗ್ತದೆ. ಅಪ್ಪನಾದವನಿಗೆ ಹೇಗಾದೀತು ಅಂತ ನನಗೆ ಅರ್ಥ ಆಗ್ತದೆ.

ನಿನ್ನೆ ಶಾಲೆಯಲ್ಲಿ ಓಣಿಯವರ ಸಭೆ ಇತ್ತು. ಇನ್ನೂ ಹದಿನಾಲ್ಕು ಕಂಬ ಬರ್ತದಂತೆ, ನಾವು ಬೇಡ ಅಂದೆವು, ಅದಕ್ಕೆ ಕರೆದದ್ದು. ಕಂಪನಿಯಿಂದ ಭರತ್ ಅನ್ನುವ ಇಂಜಿನಿಯರ್ ಬಂದಿದ್ದ. ಒಳ್ಳೆಯ ಹುಡುಗ, ಎಲ್ಲರನ್ನೂ ಅಮ್ಮಾ ಅಂತಲೇ ಮಾತಾಡಿಸ್ತಾನೆ. ತಪ್ಪು ಮಾಡದವರಿಗೆ ಹೆದರಿಕೆ ಯಾಕಮ್ಮಾ ಅಂದ. ಹಾಗಾದರೆ ನಿನ್ನ ಅವ್ವ ಮೀಯುವಲ್ಲಿ ಒಂದು ಹಾಕು ಅಂದಳು ಗಂಗೆ. ಅವನ ಮುಖ ಕೆಂಪಾಯಿತು. ನಮ್ಮ ಎದುರುಮನೆಯ ಚನ್ನಯ್ಯನವರು ಎದ್ದು ನಿಂತರು. ಬನವಾಸಿ ಕಡೆಯವರು, ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ದೀಪ ಇರ್ಲಿರಿ, ಕಣ್ಣು ತಗೀರಿ, ಇಷ್ಟ ನಮ್ಮ ಮಾತು ಅಂದು ಕೂತರು.

ನಾನೂ ಎದ್ದು ಮಾತಾಡಿದೆ. ಮೂವತ್ತೆರಡು ವರ್ಷದಿಂದ ಬಾಣಂತಿಯರಿಗೆ, ಎಳೆಮಕ್ಕಳಿಗೆ ನೀರು ಹಾಕ್ತೇನೆ. ಈ ಊರಿನ ಎಷ್ಟೋ ಮನೆಯ ಒಳಕೋಣೆ ನೋಡಿದ್ದೇನೆ. ಯಾವ ಸೊಸೆಯ ಬೆನ್ನಲ್ಲಿ ಬಾಸುಂಡೆ ಇತ್ತು, ಯಾವ ಅತ್ತೆ ತುಪ್ಪ ಬಚ್ಚಿಟ್ಟಳು, ಎಲ್ಲ ಕಂಡಿದ್ದೇನೆ. ಬಾಸುಂಡೆ ಕಂಡಲ್ಲಿ ಆ ಮನೆಯವರನ್ನೇ ಕೂರಿಸಿ ಕೇಳಿದ್ದೇನೆ. ಪಕ್ಕದ ಮನೆಗೆ ಹೇಳಲಿಲ್ಲ. ನೋಡಿದ್ದನ್ನ ಎಲ್ಲಿ ಇಡಬೇಕು ಅಂತ ಗೊತ್ತಿಲ್ಲದವಳನ್ನ ಯಾರೂ ಬಾಣಂತಿ ಕೋಣೆಗೆ ಬಿಡುವುದಿಲ್ಲ. ನೀವು ಯಾರನ್ನ ನಂಬಿ ಇದನ್ನ ಓಣಿಯೊಳಗೆ ಬಿಟ್ಟಿರಿ ಅಂತ ಕೇಳಿದೆ. ಜನ ಚಪ್ಪಾಳೆ ತಟ್ಟಿದರು.

ಆಗ ಸಭೆ ನಡೆಸಲಿಕ್ಕೆ ಬಂದ ಅಧಿಕಾರಿ ಮೆಲ್ಲಗೆ ಕೇಳಿದರು. ಮಾತೆಲ್ಲ ಸರಿ, ಇದರಿಂದ ಇಂಥವರಿಗೆ ಹೀಗೆ ತೊಂದರೆ ಆಯಿತು ಅಂತ ಒಬ್ಬರಾದರೂ ಹೆಸರು ಹಾಕಿ ಬರೆದುಕೊಡಿ. ಶುಕ್ರವಾರ ಇದೇ ಸಭೆಯಲ್ಲಿ ಓದಿ ತೀರ್ಮಾನ ಮಾಡೋಣ. ಇಲ್ಲದಿದ್ದರೆ ಕಂಬ ಬರ್ತದೆ. ಗಂಗೆ ಗಂಡನ ಮುಖ ನೋಡಿದಳು, ಅವನು ನೆಲ ನೋಡಿದ. ಚನ್ನಯ್ಯನವರು ಒಂದು ಸಲ ನನ್ನ ಕಡೆ ನೋಡಿ ಮುಖ ತಿರುಗಿಸಿದರು. ಅಷ್ಟೆಲ್ಲ ಮಾತಾಡಿದ ನಾನು ಸೆರಗು ಸರಿಮಾಡಿಕೊಳ್ಳುತ್ತಾ ಕೂತೆ.

ತಮ್ಮಾ, ಕಂಬದ ಕೆಳಗೆ ಕಂಡವಳು ನಾನು.

ಇನ್ನೊಂದು ಸಲ ಓದಬೇಡ, ಸರಿಯಾಗಿಯೇ ಓದಿದ್ದೀಯ. ಅರವತ್ತೊಂದು ವರ್ಷದ ನಿನ್ನ ಅಕ್ಕ ಚೇತನಾಳ ಚೂಡಿದಾರ, ಸ್ವೆಟರ್ ಹಾಕಿಕೊಂಡು ಸ್ಕೂಟಿ ಕಲೀತಾ ಇದ್ದಾಳೆ. ಹಿಂದೆ ಕೂತವರು ಚನ್ನಯ್ಯನವರು, ಸ್ಕೂಟಿ ಅವರ ಸೊಸೆಯದು. ಈಗ ನೀರು ಹಾಕುವ ಮನೆಗಳೆಲ್ಲ ಊರಾಚೆಯ ಹೊಸ ಬಡಾವಣೆಗಳಲ್ಲಿ. ಶಿರಸಿಯ ಏರು ಇಳಿತ ಈ ಮೊಣಕಾಲಿಗೆ ಆಗ್ತಾ ಇಲ್ಲ, ದೀಪಾವಳಿಯಿಂದೀಚೆ ಎರಡು ಮನೆ ಬಿಟ್ಟೆ. ಕೆಲಸ ಬಿಟ್ಟು ಮನೆಯಲ್ಲಿ ಕೂರು ಅಂತ ನೀನು ಹೇಳ್ತೀಯ, ಅದಕ್ಕೇ ನಿನಗೆ ಹೇಳಲಿಲ್ಲ. ಮೊದಲ ದಿನ ಸೆರಗು ಚಕ್ರಕ್ಕೆ ಸಿಕ್ಕಿ ಗಟಾರದ ಬದಿಗೆ ಬಿದ್ದೆ. ಚನ್ನಯ್ಯನವರ ಹೆಂಡತಿ ಪಾರ್ವತವ್ವ ಅಂದಳು, ಅಕ್ಕಾರ, ಸೀರಿ ಉಟ್ಟು ಇದು ಆಗೂದಿಲ್ರಿ, ನಿಮ್ಮ ಹುಡುಗೀದು ಚೂಡಿ ಹಾಕ್ಕೊಂಡು ಬರ್ರಿ, ಕತ್ತಲಾಗ ಯಾರ ನೋಡ್ತಾರ ಅಂತ. ದಿನಾ ಅವಳೇ ಓಣಿಯ ತುದಿಯಲ್ಲಿ ಕಾವಲು ನಿಲ್ಲುತ್ತಾಳೆ, ಯಾರಾದರೂ ಬಂದರೆ ಕೆಮ್ಮುತ್ತಾಳೆ. ನಾವು ಮೂವರೂ ಮನುಷ್ಯರಿಗೆ ಮಾತ್ರ ಹೆದರಿದ್ದೆವು, ಕಂಬದ ನೆನಪು ಯಾರಿಗೂ ಬರಲಿಲ್ಲ. ಅದಕ್ಕೆ ಸಹಿ ಹಾಕಿದ ನನಗೇ ಬರಲಿಲ್ಲ.

ನೀನು ಕೂಗಿದಾಗ ಚೇತನಾಗೆ ಕೂಡಲೆ ಗೊತ್ತಾಯಿತು, ತನ್ನ ಬಟ್ಟೆಯಲ್ಲಿ ಇದ್ದದ್ದು ಯಾರು ಅಂತ. ಆದರೂ ಹೌದಪ್ಪ ನಾನೇ ಅಂದಳು. ನಾನು ಪಕ್ಕದಲ್ಲೇ ಅಕ್ಕಿ ಆರಿಸ್ತಾ ಇದ್ದೆ. ಫೋನಿಟ್ಟ ಮೇಲೆ ಅಂದಳು, ಅತ್ತೆ, ಅದು ನೀವು ಅಂತ ಹೇಳಿದರೆ ನಾಳೆ ಮಾಗೋಡಿಂದ ಕಾನಸೂರಿನವರೆಗೆ ನೆಂಟರೆಲ್ಲ ನಗ್ತಾರೆ, ವಿಧವೆ ಚೂಡಿದಾರ ಹಾಕಿ ಪರಗಂಡಸಿನ ಜೊತೆ ಹೋದಳು ಅಂತಾರೆ. ಅಪ್ಪನ ಸಿಟ್ಟು ಒಂದು ವಾರದ್ದು, ಇಳೀತದೆ ಬಿಡಿ. ಆಗಲೇ ನಾನು ಫೋನ್ ಹಚ್ಚಿ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತು ವರ್ಷದ ಹುಡುಗಿ ನನ್ನ ಮರ್ಯಾದೆಗೆ ತನ್ನ ಓದನ್ನ ಅಡ್ಡ ಹಿಡಿದಳು, ನಾನು ಎರಡು ದಿನ ಅದರ ಹಿಂದೆ ನಿಂತೆ. ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲ, ಆದರೂ ಆರಿಸ್ತಾ ಕೂತೆ. ಇದನ್ನ ಬರೆಯುವಾಗ ನಾಚಿಕೆ ಆಗ್ತದೆ, ಚೂಡಿದಾರಕ್ಕಿಂತ ಹೆಚ್ಚು.

ಇನ್ನು ನಿನಗೊಂದು ಮಾತು, ಅಕ್ಕನಾಗಿ. ಅದು ಚೇತನಾಳೇ ಆಗಿದ್ದರೆ ಎಂತ ಮಾಡ್ತಿದ್ದೆ? ಆ ಕಂಬ ನನ್ನ ಬಾಗಿಲಿಂದ ಹತ್ತು ಹೆಜ್ಜೆ. ಮಗಳನ್ನ ನನ್ನ ಮನೆಯಲ್ಲಿ ಬಿಟ್ಟವನು ನನ್ನನ್ನ ಒಂದು ಮಾತು ಕೇಳಬೇಕಿತ್ತಾ ಇಲ್ಲವಾ? ಹದಿನಾಲ್ಕು ಸೆಕೆಂಡು ನೋಡಿ ಎರಡು ವರ್ಷದ ಓದು ಬಿಡಿಸಲಿಕ್ಕೆ ಹೊರಟೆ. ಚಿಕ್ಕಂದಿನಲ್ಲಿ ನಿನ್ನ ಬಗ್ಗೆ ಯಾರಾದರೂ ದೂರು ತಂದರೆ ಅಪ್ಪ ಮೊದಲು ನಿನ್ನನ್ನೇ ಕರೆದು ಕೇಳ್ತಿದ್ದರು. ನೀನು ಸುಳ್ಳೇ ಹೇಳ್ತಿದ್ದೆ, ಆದರೂ ಕೇಳ್ತಿದ್ದರು.

ಈ ಪತ್ರ ಓದಿದ ಕೂಡಲೆ ಚೇತನಾಗೆ ಫೋನ್ ಮಾಡು. ಪರೀಕ್ಷೆಗೆ ಕೂತುಕೋ ಅನ್ನು ಸಾಕು, ಬೇರೆ ಎಂತದೂ ಹೇಳುವುದು ಬೇಡ, ಅವಳಿಗೆ ತಿಳೀತದೆ. ನನ್ನ ಮೇಲಿನ ಸಿಟ್ಟನ್ನ ನನಗೇ ಕೊಡು. ಶನಿವಾರ ಬರುವುದಾದರೆ ಬಾ, ರೋಹಿಣಿಯನ್ನೂ ಕರೆದುಕೊಂಡು ಬಾ, ಅವಳ ಕೈ ನಾನೇ ತಿಕ್ಕಿ ಕೊಡ್ತೇನೆ. ಪೆಟ್ಟಿಗೆ ಕಟ್ಟಿಸುವ ಮಾತು ಮಾತ್ರ ತರಬೇಡ. ಬರಲಿಕ್ಕೆ ಆಗದಿದ್ದರೆ ಎರಡು ಸಾಲಾದರೂ ಬೇಗ ಬರೆದು ಹಾಕು. ಬೈದು ಬರೆದರೂ ಅಡ್ಡಿಯಿಲ್ಲ, ನಿನ್ನ ಅಕ್ಷರ ನೋಡದೆ ವರ್ಷ ಆಯಿತು.

ಇಂತಿ ನಿನ್ನ ಅಕ್ಕ,
ಚೌಡಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ ಸೇರಿಸಿದ್ದು. ಪತ್ರವನ್ನ ಅಂಚೆಗೆ ಹಾಕುವ ಮೊದಲು ಸಭೆಯ ಅಧಿಕಾರಿಗೆ ಒಂದು ಅರ್ಜಿ ಕೊಟ್ಟು ಬಂದೆ. ನಿನ್ನೆ ಸಂಜೆ ಕೂತು ನಾನೇ ಬರೆದದ್ದು, ಎರಡು ಹಾಳೆ ಆಯಿತು. ತೊಂದರೆ ಆದದ್ದು ನನಗೆ ಅಂತ ಹೆಸರು ಹಾಕಿದ್ದೇನೆ. ಸ್ಕೂಟಿಯನ್ನೂ ಬರೆದೆ, ಮೊದಲ ಸಹಿಯನ್ನೂ ಬರೆದೆ. ಎದುರುಮನೆಗೆ ಹೋಗಿ ಚನ್ನಯ್ಯನವರು, ಪಾರ್ವತವ್ವ ಇಬ್ಬರನ್ನೂ ಕೇಳಿ ಒಪ್ಪಿಗೆ ಪಡೆದು ಅವರ ಹೆಸರೂ ಬರೆದೆ. ಸುನೀಲನ ಹೆಸರು, ಚೇತನಾಳ ಹೆಸರು ಎಲ್ಲೂ ಇಲ್ಲ. ಶುಕ್ರವಾರ ಅದನ್ನ ಎಲ್ಲರ ಮುಂದೆ ಓದ್ತಾರೆ, ಶನಿವಾರದೊಳಗೆ ಶಿರಸಿಗೆಲ್ಲ ಗೊತ್ತಾಗ್ತದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಿನಗೆ ನನ್ನ ಕೈಯಿಂದ ತಿಳಿಯಲಿ ಅಂತಲೇ ಈ ಪತ್ರ. ಅರ್ಜಿಯಲ್ಲಿ ಚೂಡಿದಾರ ಅಂತ ಬರೆದು ಒಂದು ಸಲ ಹೊಡೆದು ಹಾಕಿದ್ದೆ, ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಸಲ ಬರೆದೆ.