ಓಡದೆ ಕೂತವಳ ಚರ್ಮ

ಲಗೂನಾ ವೆರ್ದೆ, ಚಿಲಿ
ಮಾರ್ಚ್ 14, 2016

ಅಳಿಯ ನೋಲ್ಬೆರ್ತೋ,

ಹೇಗಿದ್ದೀಯ? ನಿನ್ನಮ್ಮ, ನನ್ನ ಎರ್ಸೀಲಿಯಾ ಅಕ್ಕನ ಮಂಡಿನೋವು ಈ ಗಾಳಿಗೆ ಹೆಚ್ಚಾಗಿರಬೇಕು. ಕುರಿಕೊಬ್ಬು ಬಿಸಿ ಮಾಡಿ ಹಚ್ಚಿಕೊಳ್ಳಲಿ, ಡಾಕ್ಟರ ಮುಲಾಮು ನಂಬಿ ಕೂರುವುದು ಬೇಡ. ಪುಟ್ಟ ಯೊಲಾಂದಾಳಿಗೆ ಕೆಮ್ಮು ಬಿಟ್ಟಿತೇ? ಮುದಿ ನಾಯಿ ಕಪಿತಾನ್ ಇನ್ನೂ ಇದೆಯೇ? ನಾನು ಚೆನ್ನಾಗಿದ್ದೆ, ಮಂಗಳವಾರ ನಿನ್ನ ಕಟ್ಟು ಬರುವವರೆಗೆ.

ಗಡಿಯಾಚೆಯಿಂದ ಉಣ್ಣೆ ಲಾರಿಯಲ್ಲಿ ಬಂದ ಆ ಗೋಣಿಕಟ್ಟನ್ನು ನಿನ್ನತ್ತೆ ಇರ್ಮಾ ಅಡುಗೆಮನೆಯ ಮೇಜಿನ ಮೇಲೇ ಬಿಚ್ಚಿದಳು. ತಾನು ಹೊಡೆದ ಅತಿ ದೊಡ್ಡ ಪೂಮಾದ ಚರ್ಮವನ್ನು ಶಿಷ್ಯನು ಗುರುವಿನ ಕುದುರೆಯ ಜೀನಿಗೆ ಹೊದಿಸಲು ಕಳಿಸುವುದು ನಮ್ಮ ಬೇಟೆಗಾರರ ಪದ್ಧತಿ. ನಾನೂ ಒಂದು ಕಾಲಕ್ಕೆ ಕಳಿಸಿದ್ದೆ. ಮರ್ಯಾದೆಯನ್ನೇ ಮಾಡಿದ್ದೀಯ, ಒಪ್ಪಿದೆ. ಆದರೆ ಚರ್ಮ ಬಿಡಿಸಿದರೆ ಎಡಗಿವಿ ನಡುವೆ ಸೀಳಿದೆ! ಇರ್ಮಾ ಮಾತೆ ಎಲೆಯ ಕಷಾಯ ಕುಡಿಯುತ್ತಿದ್ದವಳು ಸೋರೆಬುರುಡೆಯ ಲೋಟ ಕೆಳಗಿಟ್ಟು, "ಅಯ್ಯೋ, ಇದು ನಿಮ್ಮ ಹರಕುಕಿವಿ ಅಲ್ವೇನ್ರೀ?" ಅಂದಳು.

ನಮ್ಮ ಕಡೆ ಸರ್ಕಾರ ಬೇಟೆ ನಿಲ್ಲಿಸಿದ ಮೇಲೆ, ಹೆಜ್ಜೆ ಹಿಡಿದು ಕೊಲ್ಲುತ್ತಿದ್ದವನು ಅದೇ ಹೆಜ್ಜೆ ಹಿಡಿದು ಕ್ಯಾಮೆರಾದವರನ್ನು ಕರೆದೊಯ್ದೆ. ಎಂಟು ವರ್ಷ ಆ ಹರಕುಕಿವಿ ಪೂಮಾವೇ ನನ್ನ ಹೊಟ್ಟೆ ಹೊರೆದಳು. ಮೊದಲ ವರ್ಷ ನನ್ನ ಪೋಂಚೋ ಕಂಬಳಿಯ ನಾಯಿವಾಸನೆಗೇ ಓಡಿಬಿಡುತ್ತಿದ್ದಳು. ಪೋಂಚೋ ಸುಟ್ಟುಹಾಕಿದೆ. ದಿನಾ ಒಂದೇ ಬಂಡೆಯ ಮೇಲೆ ಅಲುಗಾಡದೆ ಕೂತೆ. ಮೂರನೇ ವರ್ಷ ನನ್ನೆದುರೇ ಆಕಳಿಸಿ ಮಲಗಿದಳು.

ಇನ್ನು ನಿನ್ನ ಕಾಗದ! "ಮಾವ, ನಾಯಿ ಬಿಡೋದೇ ಬೇಕಾಗ್ಲಿಲ್ಲ. ನಲವತ್ತು ಹೆಜ್ಜೇಲಿ ಕೂತ್ಕೊಂಡು ನನ್ನನ್ನೇ ನೋಡ್ತಿತ್ತು. ಎಂಥಾ ಗುಂಡಿಗೆ ಅದರದ್ದು!" ಗುಂಡಿಗೆಯೇನೋ, ಮೂರ್ಖ? ಬಗ್ಗಿ ಕೂತ ಮನುಷ್ಯ, ಕಣ್ಣಿಗೆ ಹಿಡಿದ ಉದ್ದ ಕೊಳವೆ: ಅವಳು ಎಂಟು ವರ್ಷ ಕಂಡದ್ದು ಅದನ್ನೇ. ಫೋಟೋ ತೆಗೆದುಕೊಂಡು ಹೋಗುತ್ತಾನೆ ಎಂದು ಕೂತಳು. ಗಡಿಬೇಲಿಯಾಚೆಯ ಮನುಷ್ಯ ಬೇರೆ ಎಂದು ನಾನು ಅವಳಿಗೆ ಕಲಿಸಲಿಲ್ಲ.

ನಿಮ್ಮ ಧಣಿಯ ಕುರಿ ತಿಂದಳಂತೆ! ಹಿಮಕ್ಕೆ ಸತ್ತ ಕುರಿಯನ್ನೂ ಪೂಮಾದ ತಲೆಗೇ ಕಟ್ಟುವುದು ನನಗೆ ಗೊತ್ತಿಲ್ಲವೇ? ಧಣಿಯ ಮುಂದೆ ಟೋಪಿ ತೆಗೆದು ಹಾಗೆ ಸಾಕ್ಷಿ ಹೇಳಿದವನೇ ನಾನು. ಸಿಟ್ಟು ನಿನ್ನ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ, ಅದಕ್ಕೇ ಈ ಅಕ್ಷರ ಇಷ್ಟು ಸೊಟ್ಟ. ಚರ್ಮ ಜೀನಿಗೆ ಹಾಕಲಾರೆ. ಹಿಂದಕ್ಕೆ ಕಳಿಸಲೂ ಕೈ ಬರುವುದಿಲ್ಲ.

ಅಕ್ಕನಿಗೆ ನಮಸ್ಕಾರ, ಯೊಲಾಂದಾಳಿಗೆ ಮುತ್ತು. ನಿನಗೆ ಆಶೀರ್ವಾದ ಬರೆಯಲು ಇವತ್ತು ಪೆನ್ನು ಒಪ್ಪುತ್ತಿಲ್ಲ. ದೇವರು ಬುದ್ಧಿ ಕೊಡಲಿ.

ನಿನ್ನ ಮಾವ,
ಅನ್ಸೆಲ್ಮೋ

ತಾ.ಕ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಕೇಳಬೇಕಾದದ್ದನ್ನೇ ಕೇಳಲಿಲ್ಲ. ಜನವರಿಯಲ್ಲಿ ಅವಳ ಹಿಂದೆ ಎರಡು ಮರಿಗಳಿದ್ದವು. ಸುಲಿಯುವಾಗ ಮರಿಗಳು ಚೀಪಿದ ಮೊಲೆತೊಟ್ಟು ನೀನೂ ನೋಡಿರುತ್ತೀಯ. ತಾಯಿ ಬಿದ್ದ ಜಾಗದಲ್ಲೇ ಬಂದೂಕು ಹಿಡಿದು ಮೂರು ದಿನ ಕಾದರೆ ಮರಿಗಳು ತಾವಾಗಿ ಬರುತ್ತವೆ ಎಂದು ನಿನಗೆ ಕಲಿಸಿದವನು ನಾನೇ. ನಿನ್ನ ಕಾಗದದಲ್ಲಿ ಮರಿಗಳ ಮಾತೇ ಇಲ್ಲ. ಕಾದೆಯಾ, ಇಲ್ಲವಾ? ಕಾಯದಿದ್ದರೆ ಆ ಜಾಗ ಯಾವುದೆಂದು ಬರೆ, ಬಂದೂಕಿಲ್ಲದೆ ಬರುತ್ತೇನೆ. ಕಾದಿದ್ದರೆ ಅದನ್ನೂ ಬರೆ. ಈ ಲಾರಿ ವಾಪಸು ಬರುವಾಗಲೇ ಉತ್ತರ ಕೊಟ್ಟು ಕಳಿಸು. ಬೇಗ ಬರೆಯೋ.