ಎರಡನೆಯ ಸರೋವರದವರೆಗೆ

ಜೂನ್ ೮, ಶನಿವಾರ

ನನ್ನ ಮೊಣಕಾಲು ನೋವಿನ ವಿಷಯವನ್ನು ಅಕ್ಕನಿಗೆ ಇವತ್ತು ಹೇಳಿಬಿಟ್ಟೆ. ಹದಿನೈದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹದಿಮೂರು ಸಾವಿರ ಅಡಿ ಎತ್ತರದಲ್ಲಿ ಏಳು ದಿನ ನಡೆದು ಐದು ಸರೋವರ ನೋಡುವ ಚಾರಣಕ್ಕೆ ನಾವಿಬ್ಬರೂ ಹೋಗುವುದೆಂದಾಗಿತ್ತು. ನರ್ಸ್ ಕೆಲಸದಿಂದ ನಿವೃತ್ತಳಾದಾಗಿನಿಂದ ಅವಳಿಗೆ ಅದೇ ಜಪ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ನಾಲ್ಕನೆಯ ದಿನದ ಕಡಿದಾದ ಏರನ್ನು ತೋರಿಸುತ್ತಿದ್ದಳು.

"ಅಕ್ಕಾ, ಅದು ನನ್ನ ಕೈಲಾಗಲ್ಲ. ಡಾಕ್ಟರೂ ಬೇಡ ಅಂದ್ರು. ನೀನು ಹೋಗಿ ಬಾ."

ಸಿಡಿಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ ನನ್ನ ಮೊಣಕಾಲನ್ನು ಒತ್ತಿ ನೋಡಿದಳು.

"ಎರಡನೇ ಸರೋವರದ ತನಕ ಅಂಥಾ ಏರೇನಿಲ್ಲ. ಅಲ್ಲೇ ಡೇರೆ ಹಾಕಿ ಬಿದ್ದುಕೊಂಡಿರೋಣ. ಐದೂ ನೋಡ್ಲಿಲ್ಲ ಅಂತ ಯಾರಾದ್ರೂ ಫೇಲ್ ಮಾಡ್ತಾರಾ?"

"ನಿನಗೆ ಬೇಜಾರಾಗಲ್ವಾ?"

"ಆಗುತ್ತೆ. ಒಬ್ಬಳೇ ಹೋದ್ರೆ ಇನ್ನೂ ಜಾಸ್ತಿ ಆಗುತ್ತೆ. ಅಲ್ಲಿ ಯಾರ ಹತ್ರ ಜಗಳ ಆಡ್ಲಿ?"

ಈಗ ಪಕ್ಕದ ಕೋಣೆಯಿಂದ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ: "ಐದು ಸರೋವರ ಅಂದ್ರೆ ನನಗೇ ಯಾಕೋ ಸುಸ್ತು ಅನ್ನಿಸ್ತು ಕಣೋ. ಪಾಪ, ಅವಳು ಎರಡಕ್ಕೇ ಒಪ್ಕೊಂಡ್ಲು."

ನನ್ನ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ, ಕಳ್ಳಿ. ನಗು ಬರುತ್ತಿದೆ, ಕಣ್ಣೂ ತುಂಬುತ್ತಿದೆ. ನಾಳೆ ಬೂಟು ಕೊಳ್ಳಲು ಹೋಗಬೇಕು, ಅವಳಿಗಿಂತ ಮೊದಲು ಎದ್ದು ನಾನೇ ಅವಳನ್ನು ಹೊರಡಿಸಬೇಕು.